ಮಗಳು ವಿಮಾನ ಹಾರಿಸಲು ಕಲಿಯುತ್ತಿದ್ದಾಳೆ, ದಾರಿ ನೋಡಲು ಟ್ಯಾಬ್ ಬೇಕಂತೆ. ತಿಳಿದವರು ಹೇಳಿ

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಅಡಿಕೆ ದರ, ಕೊಳೆ ರೋಗ, ಹೆದ್ದಾರಿ ಕೆಲಸ ಎಲ್ಲ ಮಾತಾಡುತ್ತೇವೆ. ಇವತ್ತು ಬೇರೆಯೇ ವಿಷಯ ತಂದಿದ್ದೇನೆ.

ನನ್ನ ಮಗಳು ಪೈಲಟ್ ತರಬೇತಿಗೆ ಸೇರಿ ಒಂಬತ್ತು ತಿಂಗಳಾಯಿತು. ಸೆಸ್ನಾ 172 ಅಂತ, ನಾಲ್ಕು ಸೀಟಿನ ಒಂದೇ ಎಂಜಿನ್ನಿನ ವಿಮಾನ. ಇಷ್ಟು ದಿನ ನಿಲ್ದಾಣದ ಸುತ್ತಮುತ್ತ ಹಾರುತ್ತಿದ್ದಳು. ಮಳೆಗಾಲ ಕಳೆದ ಮೇಲೆ ಒಬ್ಬಳೇ ಒಂದು ಊರಿಂದ ಇನ್ನೊಂದು ಊರಿಗೆ ಹೋಗಿ ಇಳಿದು ಬರಬೇಕು. ಕಮರ್ಷಿಯಲ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಾಟ ಆಗಬೇಕಂತೆ. ಅದರಲ್ಲಿ ಒಂದು ಪ್ರಯಾಣ 300 ನಾಟಿಕಲ್ ಮೈಲಿಗಿಂತ ಕಮ್ಮಿ ಇರಬಾರದಂತೆ, ಅಂದರೆ ಸುಮಾರು 555 ಕಿಲೋಮೀಟರ್. ಕೇಳಿದಾಗಲೇ ನನಗೆ ಎದೆ ಢವಗುಟ್ಟಿತು.

ಈಗ ರಜೆಯಲ್ಲಿ ಮನೆಗೆ ಬಂದಿದ್ದಾಳೆ. ಟ್ಯಾಬ್ ಬೇಕು ಎನ್ನುತ್ತಾಳೆ. ನಕ್ಷೆ, ದಾರಿ, ವೇಗ, ಗುಡ್ಡಗಳ ಎತ್ತರ ಎಲ್ಲ ಅದರಲ್ಲೇ ಕಾಣುತ್ತದಂತೆ. ದುಡ್ಡು ಹೇಗೋ ಹೊಂದಿಸುತ್ತೇನೆ. ನನ್ನ ಚಿಂತೆ ಬೇರೆ. ದೇವಿಮನೆ ಘಾಟಿ ಇಳಿಯುವಾಗ ಮೊಬೈಲಿನಲ್ಲಿ ನೆಟ್‌ವರ್ಕ್ ಹೋಗಿ ಬಿಡುತ್ತದೆ. ಕಾರಿನಲ್ಲಾದರೆ ಪಕ್ಕಕ್ಕೆ ನಿಲ್ಲಿಸಬಹುದು. ಆಕಾಶದಲ್ಲಿ ಹಾಗಾದರೆ ಏನು ಗತಿ? ಇದು ನಿಜವಾಗಿ ಬೇಕಾ? ಬೇಕಾದರೆ ಯಾವುದು ತೆಗೆದುಕೊಳ್ಳಬೇಕು? ಕೂಸು ಒಬ್ಬಳೇ ಇರುತ್ತಾಳೆ ಎನ್ನುವುದನ್ನು ನೆನಪಿಟ್ಟು ಉತ್ತರ ಕೊಡಿ.

ಕುಮಟೆಯ ಎಟಿಆರ್

ಅಣ್ಣಾ, ಮೊದಲು ತಂಗಿಗೆ ನನ್ನ ಶುಭಾಶಯ ಹೇಳಿ. ನಾನು ಕುಮಟೆ ಕಡೆಯವನು. ಅಮೆರಿಕದ ಅರಿಜೋನಾದಲ್ಲಿ ಇದೇ ಸೆಸ್ನಾ 172ರಲ್ಲಿ ಕಲಿತೆ. ಈಗ ಎಟಿಆರ್ ವಿಮಾನದಲ್ಲಿ ಕೋ-ಪೈಲಟ್.

ನೆಟ್‌ವರ್ಕಿನ ಚಿಂತೆ ಬಿಡಿ. ಜಿಪಿಎಸ್‌ಗೆ ಮೊಬೈಲ್ ಟವರ್ ಬೇಡ. ಉಪಗ್ರಹಗಳು 20,200 ಕಿಲೋಮೀಟರ್ ಮೇಲಿಂದ ಸಂಕೇತ ಕಳಿಸುತ್ತವೆ, ಟ್ಯಾಬ್ ಅದನ್ನು ಸುಮ್ನೆ ಕೇಳಿಸಿಕೊಂಡು ಲೆಕ್ಕ ಹಾಕುತ್ತದೆ. ತಾನು ಏನನ್ನೂ ವಾಪಸ್ ಕಳಿಸುವುದಿಲ್ಲ. ಏರ್‌ಪ್ಲೇನ್ ಮೋಡ್ ಹಾಕಿದರೂ ನಡೆಯುತ್ತದೆ. ನೆಟ್ ಬೇಕಾಗುವುದು ನಕ್ಷೆಯ ಚಿತ್ರಕ್ಕೆ. ಅದನ್ನು ಹಿಂದಿನ ರಾತ್ರಿಯೇ ಇಳಿಸಿಕೊಂಡು, ವೈಫೈ ಬಂದ್ ಮಾಡಿ, ದಾರಿಯುದ್ದಕ್ಕೂ ನಕ್ಷೆ ತೆರೆಯುತ್ತದಾ ಎಂದು ಮನೆಯಲ್ಲೇ ಬೆರಳಾಡಿಸಿ ನೋಡಬೇಕು. ಒಂದು ಕಡೆ ಬಿಳಿ ಚೌಕ ಕಂಡರೂ ಅದು ಇಳಿದಿಲ್ಲ ಅಂತಲೇ ಅರ್ಥ.

ಕೊಳ್ಳುವಾಗ ಎಲ್ಲರೂ ಎಡವುವುದು ಒಂದೇ ಕಡೆ. ಐಪ್ಯಾಡಿನಲ್ಲಿ ಬರೀ ವೈಫೈ ಮಾದರಿಗೆ ಜಿಪಿಎಸ್ ಚಿಪ್ಪೇ ಇರುವುದಿಲ್ಲ. ಸಿಮ್ ಹಾಕುವ ಮಾದರಿಯಲ್ಲಿ ಮಾತ್ರ ಇರುತ್ತದೆ. ಅಂಗಡಿಯವರು ಇದನ್ನು ಹೇಳುವುದು ಕಮ್ಮಿ. ವೈಫೈ ಮಾದರಿಯೂ ಪೇಟೆಯಲ್ಲಿ ಅಕ್ಕಪಕ್ಕದ ವೈಫೈ ಹಿಡಿದು ಜಾಗ ಸರಿಯಾಗಿ ತೋರಿಸುತ್ತದೆ. ಅದಕ್ಕೇ ಜನ ಮೋಸ ಹೋಗುತ್ತಾರೆ. ಮೇಲೆ ಹೋದ ಕೂಡಲೇ ಅದು ಕುರುಡು. ಸಿಮ್ ಮಾದರಿ ಸುಮಾರು ಹದಿನೈದು ಸಾವಿರ ಜಾಸ್ತಿ. ಆದರೆ ಸಿಮ್ ಹಾಕಿ ರೀಚಾರ್ಜ್ ಮಾಡಬೇಕೆಂದಿಲ್ಲ, ಚಿಪ್ ಇದ್ದರೆ ಸಾಕು. ಆಂಡ್ರಾಯ್ಡ್ ಆದರೆ ಮಾದರಿ ಮಾದರಿಗೂ ಬೇರೆ, ಡಬ್ಬದ ಮೇಲೆ ಜಿಪಿಎಸ್ ಅಂತ ಬರೆದಿದೆಯಾ ನೋಡಿಯೇ ತನ್ನಿ.

ದೊಡ್ಡದು ಬೇಡ. 172ರ ಒಳಗೆ ಜಾಗ ನಮ್ಮ ಹಳೇ ಮಾರುತಿ ಕಾರಿನಷ್ಟೇ. ಎಂಟು ಇಂಚಿನದನ್ನು ತೊಡೆಗೆ ಪಟ್ಟಿ ಕಟ್ಟಿ ಇಟ್ಟುಕೊಳ್ಳಬಹುದು. ಹನ್ನೊಂದು ಇಂಚಿನದಾದರೆ ಹ್ಯಾಂಡಲ್ ಪೂರ್ತಿ ಎಳೆಯುವಾಗ ತಾಗುತ್ತದೆ. ಗಾಜಿಗೆ ಅಂಟಿಸುವ ರಬ್ಬರ್ ಬಟ್ಟಲು ಬೇಡವೇ ಬೇಡ. ಬಿಸಿಲಿಗೆ ಅದು ಬಿಟ್ಟುಕೊಳ್ಳುತ್ತದೆ. ಇಳಿಯುವ ಹೊತ್ತಿಗೆ ಟ್ಯಾಬ್ ಕಾಲಡಿಯ ಪೆಡಲ್ ಹತ್ತಿರ ಬಿದ್ದರೆ ಕಷ್ಟ.

ಇನ್ನೊಂದು ಮಾತು. ಟ್ಯಾಬ್ ಒಯ್ಯಲು ಅವಳ ಶಾಲೆಯ ಒಪ್ಪಿಗೆ ಬೇಕು. ಇನ್‌ಸ್ಟ್ರಕ್ಟರ್ ಹತ್ತಿರ ಕೇಳಿಯೇ ಮುಂದುವರಿಯಲಿ.

ಹಳಿಯಾಳದ ಓದುಗ

ಫೋನಿನ ಗೂಗಲ್ ಮ್ಯಾಪ್ ಸಾಕಲ್ವಾ? ಇಷ್ಟು ಖರ್ಚು ಯಾಕೆ?

ಕುಮಟೆಯ ಎಟಿಆರ್

ಸಾಲದು. ಅದು ರಸ್ತೆಯ ನಕ್ಷೆ. ಯಾವ ಜಾಗದ ಮೇಲೆ ಹಾರಬಾರದು, ಎಷ್ಟು ಎತ್ತರದಲ್ಲಿ ಯಾರ ಜೊತೆ ರೇಡಿಯೋದಲ್ಲಿ ಮಾತಾಡಬೇಕು, ಎಲ್ಲಿ ಎತ್ತರದ ಟವರ್ ಇದೆ, ಇವು ಅದರಲ್ಲಿಲ್ಲ. ವಿಮಾನಕ್ಕೆಂದೇ ಮಾಡಿದ ಆಪ್‌ಗಳಿವೆ. ಫೋರ್‌ಫ್ಲೈಟ್ ಬಂದಿದ್ದು 2007ರಲ್ಲಿ, ಗಾರ್ಮಿನ್ ಪೈಲಟ್ ಅಂತ ಇನ್ನೊಂದಿದೆ. ಆದರೆ ಆಪ್ ಕೊಳ್ಳುವ ಮೊದಲು ಅದರಲ್ಲಿ ಭಾರತದ ಯಾವ ಯಾವ ಚಾರ್ಟ್ ಸಿಗುತ್ತದೆ ಎಂದು ನೋಡಿಯೇ ದುಡ್ಡು ಕಟ್ಟಿ. ಅಮೆರಿಕದಲ್ಲಿ ಸಿಗುವುದೆಲ್ಲ ಇಲ್ಲಿ ಸಿಗುವುದಿಲ್ಲ. ಫೋನನ್ನು ಮಾತ್ರ ಮನೆಯಲ್ಲಿ ಬಿಡುವುದು ಬೇಡ. ಅದೇ ನಕ್ಷೆಯನ್ನು ಅದರಲ್ಲೂ ಇಳಿಸಿಟ್ಟರೆ ಎರಡನೆಯ ಯಂತ್ರ ಆಯಿತು.

ಮೊಬೈಲ್ ರಿಪೇರಿ, ಅಂಕೋಲಾ

ಬಿಸಿಲಿನ ಬಗ್ಗೆ ನಾನು ಹೇಳುತ್ತೇನೆ, ಅದು ನನ್ನ ದಿನನಿತ್ಯದ ಕೆಲಸ. ಐಪ್ಯಾಡನ್ನು ಬಳಸಲು ಕಂಪನಿಯೇ ಹೇಳುವ ವಾತಾವರಣದ ಉಷ್ಣತೆ 0ಯಿಂದ 35 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ನಮ್ಮ ಅಂಕೋಲೆ ಬಸ್ ನಿಲ್ದಾಣದ ನೆರಳಿನಲ್ಲೇ ಅಷ್ಟು ಇರುತ್ತದೆ. ಸುತ್ತಲೂ ಗಾಜಿರುವ ಸಣ್ಣ ವಿಮಾನದಲ್ಲಿ, ನಿಂತಿರುವಾಗ, ಕೇಳಲೇಬೇಡಿ.

ಕಾದಾಗ ಅದು ಒಮ್ಮೆಲೇ ಸಾಯುವುದಿಲ್ಲ. ಮೊದಲು ಚಾರ್ಜ್ ಆಗುವುದು ನಿಲ್ಲುತ್ತದೆ. ಆಮೇಲೆ ಪರದೆ ತಾನಾಗಿ ಮಂಕಾಗುತ್ತದೆ. ಕೊನೆಗೆ ಉಷ್ಣಮಾಪಕದ ಚಿತ್ರ ಬಂದು ಎಲ್ಲ ಬಂದ್. ತಂಗಿ ಆ ಮೊದಲಿನ ಎರಡು ಸೂಚನೆ ಗುರುತಿಸಲು ಕಲಿತರೆ ಸಾಕು, ಹತ್ತು ನಿಮಿಷ ಮುಂಚೆಯೇ ಗೊತ್ತಾಗುತ್ತದೆ. ಕಪ್ಪು ಚರ್ಮದ ಕವರ್ ತೆಗೆದಿಡಲಿ. ಬಿಸಿಲಿನಲ್ಲಿ ಚಾರ್ಜಿಗೆ ಹಾಕುವುದು ಬೇಡ, ಚಾರ್ಜ್ ಆಗುವಾಗಲೂ ಬ್ಯಾಟರಿ ಬಿಸಿಯಾಗುತ್ತದೆ. ಹೊರಡುವ ಮೊದಲೇ ತುಂಬಿಸಿಟ್ಟುಕೊಂಡು ನೆರಳಿನಲ್ಲಿ, ಚೀಲದೊಳಗೆ ಇರಲಿ. ಗಾಳಿ ಬರುವ ಕಿಂಡಿಯ ಎದುರು ಹಿಡಿದರೆ ಬೇಗ ತಣಿಯುತ್ತದೆ. ತಂಪಾಗಲಿ ಅಂತ ಫ್ರಿಜ್ಜಿನಲ್ಲಿಟ್ಟು ನನ್ನ ಹತ್ತಿರ ತಂದವರಿದ್ದಾರೆ. ಒಳಗೆ ನೀರು ಕಟ್ಟಿ ಬೋರ್ಡ್ ಹೋಗಿತ್ತು.

ಪವರ್ ಬ್ಯಾಂಕ್ ಒಯ್ದರೆ ಕೈಗೆ ಸಿಗುವ ಜಾಗದಲ್ಲೇ ಇಡಬೇಕು, ಹಿಂದಿನ ಲಗೇಜ್ ಜಾಗದಲ್ಲಿ ಬೇಡ. ಲಿಥಿಯಂ ಬ್ಯಾಟರಿ ಹೊಗೆ ಬಿಟ್ಟರೆ ಕಣ್ಣಿಗೆ ಕಾಣಬೇಕು. ಸ್ವಲ್ಪ ಉಬ್ಬಿದ ಬ್ಯಾಟರಿ ಇದ್ದರೆ ದಯವಿಟ್ಟು ಒಯ್ಯಬೇಡಿ, ಯಾವ ಊರಿನವರಾದರೂ ಸರಿ, ನನ್ನ ಹತ್ತಿರ ತನ್ನಿ.

ಕೂಲಿಂಗ್ ಗ್ಲಾಸ್ ಹಾಕುವವಳಾದರೆ ಅಂಗಡಿಯಲ್ಲೇ ಅದನ್ನು ಹಾಕಿಕೊಂಡು ಟ್ಯಾಬ್ ನೋಡಲಿ. ಪೋಲರೈಸ್ಡ್ ಗಾಜಾದರೆ ಒಂದು ದಿಕ್ಕಿಗೆ ತಿರುಗಿಸಿದಾಗ ಪರದೆ ಕಪ್ಪಾಗಿ ಕಾಣಬಹುದು.

ಹಳೇ ನಕ್ಷೆ, ಹೊನ್ನಾವರ

ನಾನು ಮರ್ಚೆಂಟ್ ನೇವಿಯಲ್ಲಿ ಮೂವತ್ತು ವರ್ಷ ದುಡಿದು ಊರಿಗೆ ಬಂದವನು. ನೇರವಾಗಿ ಹೇಳುತ್ತೇನೆ, ಕಲಿಯುವ ಮಕ್ಕಳ ಕೈಗೆ ಟ್ಯಾಬ್ ಬೇಡ. ಮೊದಲು ಕಾಗದದ ಚಾರ್ಟು, ಪೆನ್ಸಿಲ್ಲು, ಗಡಿಯಾರ, ಕಂಪಾಸು. ಅದು ರಕ್ತಕ್ಕೆ ಇಳಿದ ಮೇಲೆ ಬೇಕಾದ್ದು ತೆಗೆದುಕೊಳ್ಳಲಿ.

ಯಾಕೆ ಹೇಳುತ್ತೇನೆ ಅಂದರೆ, 1995ರಲ್ಲಿ ರಾಯಲ್ ಮೆಜೆಸ್ಟಿ ಎಂಬ ಪ್ರಯಾಣಿಕರ ಹಡಗು ಬರ್ಮುಡಾದಿಂದ ಬಾಸ್ಟನ್ನಿಗೆ ಹೊರಟಿತ್ತು. ಒಳಗೆ 1,500ಕ್ಕೂ ಹೆಚ್ಚು ಜನ. ಹೊರಟು ಸ್ವಲ್ಪ ಹೊತ್ತಿಗೆ ಜಿಪಿಎಸ್ ಆಂಟೆನಾದ ತಂತಿ ಕಳಚಿಕೊಂಡಿತು. ಯಂತ್ರ ಬಂದ್ ಆಗಲಿಲ್ಲ. ಉಪಗ್ರಹ ಸಿಗದೇ ಹೋದಾಗ ಅದು ದಿಕ್ಕು ಮತ್ತು ವೇಗ ನೋಡಿ ಅಂದಾಜಿನ ಮೇಲೆ ಜಾಗ ತೋರಿಸುತ್ತಾ ಹೋಯಿತು. ಪರದೆಯ ಮೂಲೆಯಲ್ಲಿ ಎರಡು ಸಣ್ಣ ಅಕ್ಷರ ಮಾತ್ರ ಬದಲಾಗಿದ್ದವು. ಯಾರೂ ನೋಡಲಿಲ್ಲ. ಗಾಳಿ, ನೀರಿನ ಸೆಳೆತ ಹಡಗನ್ನು ಪಕ್ಕಕ್ಕೆ ತಳ್ಳುತ್ತಲೇ ಇತ್ತು. 34 ಗಂಟೆ ಹೀಗೇ ನಡೆಯಿತು. ಜೂನ್ 10ರ ರಾತ್ರಿ ನಾಂಟುಕೆಟ್ ದ್ವೀಪದ ಹತ್ತಿರ ಮರಳ ದಿಬ್ಬ ಹತ್ತಿ ನಿಂತಾಗ, ತಾವು ಅಂದುಕೊಂಡ ಜಾಗದಿಂದ 17 ಮೈಲಿ ದೂರ ಇದ್ದರು. ದೇವರ ದಯೆ, ಯಾರಿಗೂ ಪೆಟ್ಟಾಗಲಿಲ್ಲ.

ನನಗೆ ಇವತ್ತಿಗೂ ಕಾಡುವುದು ಬೇರೆ ಸಂಗತಿ. ದಾರಿಯಲ್ಲಿ ಒಂದು ಬೋಯಾ, ಅಂದರೆ ನೀರಿನ ಮೇಲೆ ತೇಲುವ ಗುರುತು, ಸಿಗಬೇಕಿತ್ತು. ರಾಡಾರಿನಲ್ಲಿ ಸರಿಯಾದ ಹೊತ್ತಿಗೆ ಒಂದು ಬೋಯಾ ಕಂಡಿತು. ಅದು ಬೇರೆ ಬೋಯಾ ಆಗಿತ್ತು. ಯಂತ್ರ ಹೇಳಿದ್ದನ್ನು ನಂಬಿ ಕೂತವರಿಗೆ ಎದುರಿಗೆ ಬಂದಿದ್ದೆಲ್ಲ ಯಂತ್ರದ ಸಾಕ್ಷಿಯಾಗಿಯೇ ಕಂಡಿತು.

ಕುಮಟೆಯ ಎಟಿಆರ್

ಮಾವಾ, ನೀವು ಹೇಳಿದ ಕತೆ ನಮಗೂ ತರಬೇತಿಯಲ್ಲಿ ಹೇಳುತ್ತಾರೆ. ಅದನ್ನು ಇಲ್ಲಿ ಬರೆದಿದ್ದು ಒಳ್ಳೆಯದಾಯಿತು. ಆದರೆ ಟ್ಯಾಬ್ ಬೇಡ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಒಬ್ಬಳೇ ಹಾರುವ ಹುಡುಗಿಗೆ ತಾನೆಲ್ಲಿದ್ದೇನೆ ಎಂದು ಒಂದು ನೋಟದಲ್ಲಿ ತಿಳಿಯುವುದು ದೊಡ್ಡ ಆಸರೆ. ತಪ್ಪಿ ನಿಷೇಧಿತ ಜಾಗಕ್ಕೆ ನುಗ್ಗುವುದನ್ನು, ಮೋಡದ ಅಡಿ ಗುಡ್ಡದ ಕಡೆ ಹೋಗುವುದನ್ನು ಅದು ಎಷ್ಟೋ ಸಲ ತಪ್ಪಿಸುತ್ತದೆ. ನಾನು ಹೆದರುವುದು ಟ್ಯಾಬ್ ಬಂದ್ ಆಗುವುದಕ್ಕಲ್ಲ. ಬಂದ್ ಆದರೆ ಗೊತ್ತಾಗುತ್ತದೆ, ಕಾಗದ ತೆಗೆಯುತ್ತೇವೆ. ಕೆಟ್ಟಿದ್ದರೂ ಸರಿ ಇದ್ದ ಹಾಗೆ ಕಾಣುವುದಕ್ಕೆ ಹೆದರುತ್ತೇನೆ.

ನನಗೇ ಆಗಿದ್ದು ಹೇಳುತ್ತೇನೆ. ಅರಿಜೋನಾದಲ್ಲಿ ನನ್ನ ಮೂರನೆಯ ಸೋಲೋ ಪ್ರಯಾಣ. ಕೆಳಗೆ ಬರೀ ಕಂದು ನೆಲ, ಎಲ್ಲ ಒಂದೇ ತರ. ಟ್ಯಾಬಿನಲ್ಲಿ ಪುಟ್ಟ ವಿಮಾನದ ಚಿತ್ರ ಗೆರೆಯ ಮೇಲೇ ಇತ್ತು. ಎಷ್ಟು ಚೆನ್ನಾಗಿ ಹಾರುತ್ತಿದ್ದೇನೆ ಅಂತ ಖುಷಿ. ರೇಡಿಯೋ ಬದಲಿಸಿ, ಎಂಜಿನ್ ನೋಡಿ, ಮತ್ತೆ ಪರದೆ ನೋಡಿದೆ. ಗೆರೆಯ ಮೇಲೇ ಇತ್ತು. ಆಮೇಲೆ ಹೊಳೆಯಿತು, ಅದು ಅಲ್ಲೇ ಇತ್ತು, ಕದಲಿಯೇ ಇರಲಿಲ್ಲ. ಆಪ್ ಹ್ಯಾಂಗ್ ಆಗಿತ್ತು. ನನ್ನ ಗಡಿಯಾರದ ಪ್ರಕಾರ ನಾಲ್ಕು ನಿಮಿಷ ಹೋಗಿತ್ತು. 100 ನಾಟ್ ವೇಗಕ್ಕೆ, ಅಂದರೆ ಗಂಟೆಗೆ ಸುಮಾರು 185 ಕಿಲೋಮೀಟರಿಗೆ, ನಾಲ್ಕು ನಿಮಿಷ ಅಂದರೆ ಹನ್ನೆರಡು ಕಿಲೋಮೀಟರ್. ಕುಮಟೆಯಿಂದ ಹೊರಟವನು ಹೊನ್ನಾವರದ ಅರ್ಧ ದಾರಿ ದಾಟಿದ್ದೇನೆ, ಪರದೆ ಮಾತ್ರ ಇನ್ನೂ ಕುಮಟೆ ಬಸ್ ನಿಲ್ದಾಣ ತೋರಿಸುತ್ತಿದೆ. ಕೈ ಬೆವರಿತು. ಸುಮ್ನೆ ದಿಕ್ಕು ಬದಲಿಸದೆ, ಎತ್ತರ ಬಿಡದೆ ಹೋದೆ. ಐದು ನಿಮಿಷಕ್ಕೆ ರೈಲು ಹಳಿ ಸಿಗಬೇಕು ಅಂತ ಕಾಗದದಲ್ಲಿ ಬರೆದಿದ್ದೆ. ಸಿಕ್ಕಿತು.

ಅವತ್ತಿಂದ ನನ್ನದೊಂದು ರೂಢಿ. ಪ್ರತಿ ಐದಾರು ನಿಮಿಷಕ್ಕೆ ಗಡಿಯಾರ ನೋಡುವುದು, ಆಮೇಲೆ ಹೊರಗೆ ನೋಡುವುದು, ಕೊನೆಗೆ ಪರದೆ. ಈ ಕ್ರಮ ತಿರುವುಮುರುವಾಗಬಾರದು. ಪರದೆ ಮೊದಲು ನೋಡಿದರೆ ಮಾವ ಹೇಳಿದ ಬೋಯಾದ ಹಾಗೇ ಆಗುತ್ತದೆ, ಹೊರಗಿರುವ ಯಾವುದೋ ಕೆರೆಯನ್ನು ನಕ್ಷೆಯ ಕೆರೆಗೆ ಹೊಂದಿಸಿಬಿಡುತ್ತೇವೆ.

ವಿಮಾನಕ್ಕೆಂದೇ ಪ್ರಮಾಣ ಪಡೆದ ಜಿಪಿಎಸ್ ಯಂತ್ರಕ್ಕೂ ಟ್ಯಾಬಿಗೂ ಇರುವ ದೊಡ್ಡ ವ್ಯತ್ಯಾಸವೂ ಇದೇ. ಆ ಯಂತ್ರ ಬೇಕಾದ್ದಕ್ಕಿಂತ ಹೆಚ್ಚು ಉಪಗ್ರಹಗಳನ್ನು ಹಿಡಿದು ತನ್ನ ಲೆಕ್ಕವನ್ನು ತಾನೇ ತಾಳೆ ನೋಡುತ್ತದೆ. ತಾಳೆ ಆಗದಿದ್ದರೆ ನನ್ನನ್ನು ನಂಬಬೇಡ ಅಂತ ಎಚ್ಚರಿಕೆ ಕೊಡುತ್ತದೆ. ಜಿಪಿಎಸ್ ಲೆಕ್ಕದ ತಪ್ಪು ತಿದ್ದುವ ನಮ್ಮ ದೇಶದ ಗಗನ್ ಉಪಗ್ರಹ ವ್ಯವಸ್ಥೆಯೂ ಅದೇ ಕೆಲಸಕ್ಕೆ ಇರುವುದು. 2022ರ ಏಪ್ರಿಲ್‌ನಲ್ಲಿ ರಾಜಸ್ಥಾನದ ಕಿಶನ್‌ಗಡದಲ್ಲಿ ಗಗನ್ ಹಿಡಿದು ಇಳಿದಿದ್ದು ನಾನು ಹಾರಿಸುವಂಥದ್ದೇ ಎಟಿಆರ್. ಟ್ಯಾಬಿನ ಚಿಪ್ಪಿಗೆ ಆ ಎಚ್ಚರಿಕೆ ಕೊಡುವ ಅಭ್ಯಾಸವಿಲ್ಲ. ಜೊತೆಗೆ, ಕೆಲವು ಕಡೆ ಜಿಪಿಎಸ್ ಸಂಕೇತವನ್ನೇ ಯಾರೋ ಕೆಡಿಸುತ್ತಾರೆ, ಸುಳ್ಳು ಸಂಕೇತ ಬಿಡುತ್ತಾರೆ. 2023ರ ನವೆಂಬರ್‌ನಲ್ಲಿ ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ ಈ ಬಗ್ಗೆ ಸೂಚನೆ ಹೊರಡಿಸಿದೆ.

ಹಳೇ ನಕ್ಷೆ, ಹೊನ್ನಾವರ

ತಮ್ಮಾ, ಗಡಿಯಾರ ಮೊದಲು, ಕಿಟಕಿ ಆಮೇಲೆ, ಪರದೆ ಕೊನೆಗೆ. ಇದಾದರೆ ನನ್ನ ತಕರಾರಿಲ್ಲ. ಹಡಗಿನಲ್ಲೂ ಈಗ ಕಾಗದ ಹೋಗಿ ಎಲೆಕ್ಟ್ರಾನಿಕ್ ಚಾರ್ಟು ಬಂದಿದೆ, 2012ರಿಂದ ಹಂತಹಂತವಾಗಿ ಕಡ್ಡಾಯ ಮಾಡಿದರು. ಆದರೂ ಅದು ಕೆಟ್ಟರೆ ಇನ್ನೊಂದು ಇರಲೇಬೇಕು ಎನ್ನುತ್ತದೆ ನಿಯಮ. ಕೂಸಿನ ಚೀಲದಲ್ಲಿ ಮಡಚಿದ ಕಾಗದ ಇರಲೇಬೇಕು. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಬೈತಖೋಲದ ತಾಂಡೇಲ

ಈಗ ಜೂನ್, ಬೋಟು ದಡಕ್ಕೆ ಹಾಕಿದ್ದೇವೆ. ಜುಲೈ 31ರ ತನಕ ಮೀನುಗಾರಿಕೆ ಬಂದ್. ಬಲೆ ಹೆಣೆಯುತ್ತಾ ನಿಮ್ಮ ಮಾತೆಲ್ಲ ಓದಿದೆ. ವಿಮಾನ ನನಗೆ ಗೊತ್ತಿಲ್ಲ, ಸಮುದ್ರ ಗೊತ್ತು. ಆದರೆ ಇದು ಎರಡಕ್ಕೂ ಒಂದೇ ವಿಷಯ ಅನ್ನಿಸಿತು.

ನಮ್ಮ ಬೋಟಿನಲ್ಲೂ ಜಿಪಿಎಸ್ ಪ್ಲಾಟರ್ ಇದೆ. ಮಗ ಒಂದು ಟ್ಯಾಬ್ ಕೂಡ ತಂದಿಟ್ಟಿದ್ದಾನೆ. ಒದ್ದೆ ಕೈಯಲ್ಲಿ ಮುಟ್ಟಿದರೆ ನಕ್ಷೆ ಎಲ್ಲೆಲ್ಲೋ ಓಡುತ್ತದೆ, ಅದಕ್ಕೆ ಪ್ಲಾಸ್ಟಿಕ್ ಚೀಲದೊಳಗೆ ಹಾಕಿದ್ದೇವೆ. ದೂರದ ನೀರಿನಲ್ಲಿ ಅದು ತುಂಬಾ ಉಪಯೋಗ. ಸುಳ್ಳಲ್ಲ. ಆದರೆ ಅಳಿವೆಯ ಬಾಯಲ್ಲಿ ಅದನ್ನು ನೋಡುವುದೇ ಇಲ್ಲ. ಹೊನ್ನಾವರದ ಮಾವನಿಗೆ ಗೊತ್ತಿರುತ್ತದೆ, ಶರಾವತಿ ಅಳಿವೆಯಲ್ಲಿ ಪ್ರತಿ ಮಳೆಗಾಲ ಮರಳು ಜಾಗ ಬದಲಿಸುತ್ತದೆ. ಹೋದ ವರ್ಷ ಆಳ ಇದ್ದ ಕಡೆ ಈ ವರ್ಷ ದಿಬ್ಬ. ನಕ್ಷೆಯಲ್ಲಿ ಅಲ್ಲಿ ನೀಲಿ ಬಣ್ಣ, ನಮ್ಮ ಬೋಟಿನ ಗುರುತು ಕೂಡ ಸರಿಯಾದ ಜಾಗದಲ್ಲೇ ಇರುತ್ತದೆ. ಎಲ್ಲ ಸರಿ, ಅಡಿಯಲ್ಲಿ ಮಾತ್ರ ಮರಳು. ಅಲ್ಲಿ ಅಲೆ ಒಡೆಯುವುದನ್ನು ಕಣ್ಣಿಂದಲೇ ನೋಡಬೇಕು. ಬೋಟು ಮಗುಚಿದ್ದು ಎಷ್ಟು ಸಲ!

ಇನ್ನೊಂದು, ಕಂಪಾಸಿನ ಬಗ್ಗೆ. ಒಮ್ಮೆ ಹುಡುಗರು ಹಾಡು ಕೇಳಲು ಸಣ್ಣ ಸ್ಪೀಕರ್ ತಂದು ವೀಲ್‌ಹೌಸಿನಲ್ಲಿ ಕಂಪಾಸಿನ ಪಕ್ಕ ಇಟ್ಟಿದ್ದರು. ಮಂಜು ಕವಿದ ಬೆಳಿಗ್ಗೆ ಕಾರವಾರದ ಬೈತಖೋಲ ಬಂದರಿಗೆ ವಾಪಸ್ ಬರುತ್ತಿದ್ದೆವು. ಕಂಪಾಸಿನ ಪ್ರಕಾರ ಸರಿಯಾಗಿಯೇ ಬಂದೆವು. ಮಂಜು ಸರಿದಾಗ ದೇವಗಡ ದ್ವೀಪದ ದೀಪಸ್ತಂಭ ಬಲಕ್ಕೆ ಇರಬೇಕಾದ್ದು ಎಡಕ್ಕಿತ್ತು. ಸ್ಪೀಕರಿನ ಅಯಸ್ಕಾಂತ ಮುಳ್ಳನ್ನು ಎಳೆದಿತ್ತು. ಟ್ಯಾಬಿನ ಕವರಿನಲ್ಲೂ ಅಯಸ್ಕಾಂತ ಇರುತ್ತದೆ, ಮುಚ್ಚಿದಾಗ ಟಪ್ ಅಂತ ಅಂಟುತ್ತದಲ್ಲ, ಅದೇ. ತಂಗಿಗೆ ಹೇಳಿ, ಕಂಪಾಸಿನ ಹತ್ತಿರ ಟ್ಯಾಬ್ ಹಿಡಿದು ಮುಳ್ಳು ಕದಲುತ್ತದಾ ಅಂತ ನೆಲದ ಮೇಲೇ ನೋಡಲಿ.

ಕುಮಟೆಯ ಎಟಿಆರ್

ತಾಂಡೇಲರೇ, ಇದನ್ನು ನಾನು ಮರೆತೇ ಬಿಟ್ಟಿದ್ದೆ. ತುಂಬಾ ಮುಖ್ಯ. ಟ್ಯಾಬ್ ಕೆಟ್ಟಾಗ ಕಂಪಾಸೇ ಗತಿ, ಆ ಕಂಪಾಸನ್ನೇ ಟ್ಯಾಬ್ ಕೆಡಿಸಿರುತ್ತದೆ.

ಬೋರ್ಡೋ ಡ್ರೋನ್, ಸಿದ್ದಾಪುರ

ನಾನು ಅಡಿಕೆಗೆ ಡ್ರೋನಿನಲ್ಲಿ ಬೋರ್ಡೋ ಔಷಧಿ ಹೊಡೆಯುತ್ತೇನೆ. ಎತ್ತರದ ವಿಷಯ ಯಾರೂ ಎತ್ತಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಪರದೆಯಲ್ಲಿ 30 ಮೀಟರ್ ಅಂತ ತೋರಿಸಿದರೆ ಅದು ಡ್ರೋನ್ ಎಲ್ಲಿಂದ ಎದ್ದಿತೋ ಅಲ್ಲಿಂದ 30 ಮೀಟರ್. ನಮ್ಮ ತೋಟಗಳು ಕಣಿವೆಯಲ್ಲಿ, ಸೊಪ್ಪಿನ ಬೆಟ್ಟ ಪಕ್ಕದಲ್ಲೇ ಏರುತ್ತದೆ. ಕೆಳಗಿನ ಅಂಚಿನಿಂದ ಎಬ್ಬಿಸಿ ಬೆಟ್ಟದ ಕಡೆ ಕಳಿಸಿದರೆ ಪರದೆ 30 ಅಂತಲೇ ಹೇಳುತ್ತದೆ, ಡ್ರೋನ್ ಹೊನ್ನೆ ಮರದ ಕೊಂಬೆಗೆ ಸಿಕ್ಕಿಕೊಂಡಿರುತ್ತದೆ. ಒಂದು ಡ್ರೋನ್ ನಾನು ಹಾಗೇ ಕಳೆದುಕೊಂಡೆ. ವಿಮಾನದಲ್ಲಿ ಎತ್ತರ ಹೇಗೆ?

ಕುಮಟೆಯ ಎಟಿಆರ್

ಒಳ್ಳೆಯ ಪ್ರಶ್ನೆ. ವಿಮಾನದ ಅಲ್ಟಿಮೀಟರ್ ಗಾಳಿಯ ಒತ್ತಡ ಅಳೆದು ಸಮುದ್ರ ಮಟ್ಟದಿಂದ ಎತ್ತರ ಹೇಳುತ್ತದೆ. ಹೊರಡುವಾಗ ಆ ದಿನದ ಒತ್ತಡವನ್ನು ಅದರಲ್ಲಿ ಕೂರಿಸಬೇಕು. ಒತ್ತಡದ ಅಳತೆ ಒಂದು ಹೆಕ್ಟೋಪ್ಯಾಸ್ಕಲ್ ತಪ್ಪಿದರೆ ಸುಮಾರು 30 ಅಡಿ ವ್ಯತ್ಯಾಸ. ಆಕಾಶದಲ್ಲಿ ಎಲ್ಲ ವಿಮಾನಗಳೂ ಈ ಎತ್ತರವನ್ನೇ ಹಿಡಿದು ಒಂದರ ಮೇಲೊಂದು ದೂರ ಕಾಯ್ದುಕೊಳ್ಳುತ್ತವೆ. ಟ್ಯಾಬಿನ ಎತ್ತರ ಬೇರೆ ಲೆಕ್ಕ. ಅದನ್ನು ಅಲ್ಟಿಮೀಟರ್ ಬದಲಿಗೆ ಹಿಡಿಯಲೇಬಾರದು.

ಇಲ್ಲೊಂದು ನಮ್ಮ ಕಡೆಯದೇ ವಿಚಿತ್ರ ಇದೆ. ಜಿಪಿಎಸ್ ಭೂಮಿಯನ್ನು ನಯವಾದ ಮೊಟ್ಟೆಯಾಕಾರ ಎಂದುಕೊಂಡು ಎತ್ತರ ಲೆಕ್ಕ ಹಾಕುತ್ತದೆ. ನಿಜವಾದ ಸಮುದ್ರ ಮಟ್ಟ ಹಾಗಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಸಮುದ್ರ ಆ ಲೆಕ್ಕಕ್ಕಿಂತ 106 ಮೀಟರ್ ಕೆಳಗಿದೆ, ಭೂಮಿಯ ಮೇಲೆ ಅತಿ ತಗ್ಗು ಅದೇ. ಅದರ ಇಳಿಜಾರು ನಮ್ಮ ಕರಾವಳಿಯ ತನಕ ಬರುತ್ತದೆ. ಹಾಗಾಗಿ ಈ ವ್ಯತ್ಯಾಸ ಸರಿಪಡಿಸದ ಆಪ್ ಇಟ್ಟುಕೊಂಡು ಕಾರವಾರದ ಟಾಗೋರ್ ಕಡಲತೀರದಲ್ಲಿ ನಿಂತರೆ ನೀವು ಸಮುದ್ರದ ಅಡಿ ಎಷ್ಟೋ ಹತ್ತು ಮೀಟರ್ ಆಳದಲ್ಲಿದ್ದೀರಿ ಎಂದು ತೋರಿಸುತ್ತದೆ! ಒಳ್ಳೆಯ ಆಪ್‌ಗಳು ಸರಿಪಡಿಸಿಯೇ ಕೊಡುತ್ತವೆ. ತಂಗಿ ಒಮ್ಮೆ ಟ್ಯಾಬ್ ಹಿಡಿದು ಅಲೆಯ ಅಂಚಿನಲ್ಲಿ ನಿಂತು ನೋಡಲಿ. ಸೊನ್ನೆ ಆಸುಪಾಸು ಬಂದರೆ ಸರಿ.

ಗುಡ್ಡದ ಎಚ್ಚರಿಕೆಯೂ ಇದೆ. ಸಾಮಾನ್ಯವಾಗಿ ನಿಮ್ಮ ಎತ್ತರದಿಂದ 1,000 ಅಡಿಯೊಳಗೆ ಇರುವ ನೆಲ ಹಳದಿ, 100 ಅಡಿಯೊಳಗೆ ಬಂದರೆ ಅಥವಾ ನಿಮಗಿಂತ ಮೇಲಿದ್ದರೆ ಕೆಂಪು. ಕುಮಟೆಯ ಕಡಲಿನಿಂದ ಶಿರಸಿಗೆ ನೇರ ಗೆರೆ ಎಳೆದರೆ ಸುಮಾರು 50 ಕಿಲೋಮೀಟರ್. ಆ ಸೆಸ್ನಾಕ್ಕೆ ಅದು ಹದಿನಾರು ಹದಿನೇಳು ನಿಮಿಷ. ಅಷ್ಟರಲ್ಲಿ ನೆಲ ಸೊನ್ನೆಯಿಂದ 2,000 ಅಡಿಗೆ ಏರಿರುತ್ತದೆ. ಘಟ್ಟಕ್ಕೆ ಮೋಡ ಕೂತ ದಿನ ಆ ಬಣ್ಣಗಳ ಬೆಲೆ ತಿಳಿಯುತ್ತದೆ. ಆದರೆ ಮೋಡದೊಳಗೆ ಹೋಗಲು ಅದೇ ಧೈರ್ಯ ಆಗಬಾರದು. ಕಣ್ಣಿಗೆ ಕಾಣದಿದ್ದರೆ ಹಿಂದಿರುಗಬೇಕು, ಅಷ್ಟೇ.

ತೋಟದಮನೆ, ಶಿರಸಿ

ಎಲ್ಲರ ಮಾತನ್ನೂ ಕೂಸಿಗೆ ಓದಿ ಹೇಳುತ್ತಿದ್ದೇನೆ. ಒಂದು ಸಂಶಯ. ಹಾರಬಾರದ ಜಾಗಗಳು ನಮ್ಮ ಜಿಲ್ಲೆಯಲ್ಲೇ ಇವೆಯಲ್ಲ, ಅದು ಟ್ಯಾಬಿನಲ್ಲಿ ಸರಿಯಾಗಿ ಬರುತ್ತದಾ?

ಕುಮಟೆಯ ಎಟಿಆರ್

ನಕ್ಷೆಯ ಡೇಟಾ ಹೊಸದಿದ್ದರೆ ಬರುತ್ತದೆ. ಜಗತ್ತಿನಾದ್ಯಂತ ಈ ಮಾಹಿತಿ 28 ದಿನಕ್ಕೊಮ್ಮೆ ಬದಲಾಗುತ್ತದೆ. ಹಳೆಯದಾದರೂ ಪರದೆಯಲ್ಲಿ ಅದೇ ಅಂದದ ಬಣ್ಣ, ಅದೇ ಗೆರೆ, ಹಳಸಿದ್ದು ಗೊತ್ತೇ ಆಗುವುದಿಲ್ಲ. ನಮ್ಮಲ್ಲಿ ಕದಂಬ ನೌಕಾನೆಲೆ ಇದೆ, ಕೈಗಾ ಇದೆ, ಆಚೆ ಗೋವಾದ ದಾಬೋಳಿಯೂ ನೌಕಾಪಡೆಯದು. ಅಂಕೋಲೆಯ ಅಲಗೇರಿಯಲ್ಲಿ ವಿಮಾನ ನಿಲ್ದಾಣ ಬರಲಿದೆ. ಅದು ಶುರುವಾದ ದಿನ ಹಳೇ ಡೇಟಾ ಇಟ್ಟುಕೊಂಡವರ ಪರದೆಯಲ್ಲಿ ಅಲ್ಲಿ ಬರೀ ಗದ್ದೆ, ಊರು ಕಾಣುತ್ತದೆ. ಅದಕ್ಕೇ ಆ ದಿನದ ನೋಟಾಮ್, ಅಂದರೆ ಪೈಲಟ್‌ಗಳಿಗೆ ಹೊರಡಿಸುವ ಸೂಚನೆ, ಓದಬೇಕು, ಫ್ಲೈಟ್ ಪ್ಲಾನ್ ಸಲ್ಲಿಸಿ ಎಡಿಸಿ ನಂಬರ್, ಅಂದರೆ ವಾಯು ರಕ್ಷಣೆಯವರ ಒಪ್ಪಿಗೆ, ಪಡೆಯಬೇಕು. ಇವೆಲ್ಲ ಅವಳ ಶಾಲೆಯಲ್ಲಿ ಮಾಡಿಸುತ್ತಾರೆ.

ತಂಗಿಗೆ ಮನೆಯಲ್ಲಿ ಕೂತು ಮಾಡಲು ಒಂದು ಅಭ್ಯಾಸ ಕೊಡುತ್ತೇನೆ. ಇದು ಕಾಗದದ ಮೇಲೆ ಮಾತ್ರ, ನಿಜವಾಗಿ ಅಲ್ಲಿ ಹಾರಲು ನಿರ್ಬಂಧಗಳಿವೆ. ಕಾಳಿ ಅಳಿವೆಯಿಂದ ಕರಾವಳಿ ಹಿಡಿದು ದಕ್ಷಿಣಕ್ಕೆ 100 ನಾಟ್‌ನಲ್ಲಿ ಹೊರಟಿದ್ದೀಯ ಅಂದುಕೋ. ನಾಲ್ಕು ಅಳಿವೆ ಸಿಗುತ್ತವೆ. ಮೇಲಿಂದ ಎಲ್ಲ ಒಂದೇ ತರ, ಕಂದು ನೀರು, ಮರಳ ನಾಲಿಗೆ, ಸೇತುವೆ. ಕಾಳಿಯಿಂದ ಗಂಗಾವಳಿಗೆ ಸುಮಾರು ಹತ್ತು ನಿಮಿಷ. ಅಲ್ಲಿಂದ ಅಘನಾಶಿನಿಗೆ ನಾಲ್ಕೇ ನಿಮಿಷ, ನಡುವೆ ಗೋಕರ್ಣದ ಗುಡ್ಡಗಳು ಸಮುದ್ರಕ್ಕೆ ಚಾಚಿರುತ್ತವೆ. ಮತ್ತೆ ಎಂಟು ನಿಮಿಷಕ್ಕೆ ಶರಾವತಿ, ಅಲ್ಲಿ ಎರಡು ಕಿಲೋಮೀಟರ್ ಉದ್ದದ ಕೊಂಕಣ ರೈಲ್ವೆ ಸೇತುವೆ, ಆ ಮಾರ್ಗದಲ್ಲೇ ಅದು ಅತಿ ಉದ್ದದ್ದು. ಬರೀ ಅಳಿವೆ ಕಂಡಿತು ಅಂತ ಗುರುತು ಹಾಕಬೇಡ. ಅಳಿವೆ, ಅದರ ಜೊತೆ ಇನ್ನೊಂದು ಗುರುತು, ಅದರ ಜೊತೆ ನಿಮಿಷ. ಮೂರೂ ಕೂಡಿದರೆ ಮಾತ್ರ ಪೆನ್ಸಿಲ್ ಗೀಟು.

ಗಾಳಿಗೆ ಪಕ್ಕಕ್ಕೆ ಸರಿದರೆ ಸುಲಭದ ಲೆಕ್ಕ ಇದೆ. 60 ಮೈಲಿ ಹೋದಾಗ ಒಂದು ಮೈಲಿ ತಪ್ಪಿದರೆ ದಿಕ್ಕು ಒಂದು ಡಿಗ್ರಿ ತಪ್ಪಿದೆ ಅಂತ. 30 ಮೈಲಿಗೆ ಎರಡು ಮೈಲಿ ತಪ್ಪಿದ್ದರೆ ನಾಲ್ಕು ಡಿಗ್ರಿ. ಟ್ಯಾಬ್ ಹೇಳುವ ಮೊದಲು ನೀನು ಹೇಳು, ಆಮೇಲೆ ತಾಳೆ ನೋಡು.

ಕೂಸು

ನಾನೇ ಬರೆಯುತ್ತಿದ್ದೇನೆ, ಅಪ್ಪನ ಮೊಬೈಲಿನಿಂದ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಜಗುಲಿಯ ಮೇಲೆ ಚಾರ್ಟ್ ಹಾಸಿಕೊಂಡು ನಾಲ್ಕು ಅಳಿವೆಯ ಲೆಕ್ಕ ಮಾಡಿದೆ. ಎರಡನೆಯದನ್ನು ನಾನು ಮೊದಲು ಅಘನಾಶಿನಿ ಅಂದುಕೊಂಡುಬಿಟ್ಟಿದ್ದೆ. ನಿಮಿಷ ಬರೆದ ಮೇಲೆ ತಪ್ಪು ಗೊತ್ತಾಯಿತು.

ಎಂಟು ಇಂಚಿನ ಸಿಮ್ ಮಾದರಿ ಹುಬ್ಬಳ್ಳಿಯಿಂದ ತಂದೆವು. ಅಯಸ್ಕಾಂತ ಇರುವ ಕವರ್ ಬೇಡ ಅಂದೆ. ಪಕ್ಕದ ಮನೆ ಹುಡುಗನ ಹತ್ತಿರ ಸ್ಕೌಟ್ ಕಂಪಾಸ್ ಇತ್ತು, ಬರೀ ಟ್ಯಾಬನ್ನೇ ಹತ್ತಿರ ಹಿಡಿದು ನೋಡಿದೆ. ಕವರ್ ಇಲ್ಲದೆಯೂ ಒಂದು ಗೇಣಿನೊಳಗೆ ಬಂದರೆ ಮುಳ್ಳು ಚೆನ್ನಾಗಿ ತಿರುಗುತ್ತದೆ. ಹಾಗಾಗಿ ತೊಡೆಯ ಮೇಲೇ ಸರಿ. ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡಿದೆ. ಮೊದಲ ಎರಡು ಸೋಲೋ ಪ್ರಯಾಣ ಕಾಗದದಲ್ಲೇ, ಟ್ಯಾಬ್ ಚೀಲದಲ್ಲಿ ಆನ್ ಆಗಿರಲಿ ಎಂದರು. ಇಳಿದ ಮೇಲೆ ಅದು ಬರೆದ ಗೆರೆಯನ್ನೂ ನನ್ನ ಪೆನ್ಸಿಲ್ ಗೀಟನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ಹೊನ್ನಾವರದ ಅಜ್ಜನಿಗೆ ಇದು ಇಷ್ಟ ಆಗಬಹುದು.

ತಾಂಡೇಲ ಮಾಮಾ, ನಿಮ್ಮ ಹಳೇ ಗುರುತುಗಳ ಬಗ್ಗೆ ಕೇಳಬೇಕಿತ್ತು. ಜಿಪಿಎಸ್ ಬರುವ ಮೊದಲು ಹೇಗೆ ಗೊತ್ತು ಮಾಡುತ್ತಿದ್ದಿರಿ?

ಬೈತಖೋಲದ ತಾಂಡೇಲ

ಮಗಾ, ಅದು ಬರೆದು ತಿಳಿಸುವಂಥದ್ದಲ್ಲ. ಹತ್ತಿರದ ಒಂದು ವಸ್ತು, ಅದರ ಹಿಂದೆ ದೂರದ ಒಂದು ಗುಡ್ಡದ ತುದಿ, ಎರಡೂ ಒಂದೇ ಗೆರೆಗೆ ಬಂದರೆ ನೀನು ಆ ಗೆರೆಯ ಮೇಲಿದ್ದೀಯ. ಅಂಥ ಇನ್ನೊಂದು ಜೋಡಿ ಬೇರೆ ದಿಕ್ಕಿನಲ್ಲಿ ಹಿಡಿದರೆ ಎರಡು ಗೆರೆ ಕೂಡಿದ ಕಡೆ ನಿನ್ನ ಜಾಗ. ನನ್ನ ಅಪ್ಪ ಹೀಗೇ ಕಲ್ಲು ತಪ್ಪಿಸಿ ಬಲೆ ಹಾಕುತ್ತಿದ್ದರು. ಆಗಸ್ಟ್ 1ಕ್ಕೆ ಬೋಟು ಇಳಿಸುತ್ತೇವೆ. ಸಮುದ್ರ ಸ್ವಲ್ಪ ಶಾಂತ ಆದ ಮೇಲೆ ಬಾ, ಲೈಫ್ ಜಾಕೆಟ್ ಹಾಕಿಸಿ ದೇವಗಡದ ತನಕ ಕರೆದುಕೊಂಡು ಹೋಗುತ್ತೇನೆ. ಟ್ಯಾಬ್ ಕೂಡ ತಾ. ನಾನು ಗುಡ್ಡ ನೋಡಿ ಜಾಗ ಹೇಳುತ್ತೇನೆ, ನೀನು ಅದರಲ್ಲಿ ನೋಡು.

ತೋಟದಮನೆ, ಶಿರಸಿ

ಬರುತ್ತೇವೆ. ಅವಳು ವಾಪಸ್ ಹೊರಡುವುದು ಸೆಪ್ಟೆಂಬರ್ ಮೊದಲ ವಾರ, ಅಷ್ಟರೊಳಗೆ ಒಂದು ದಿನ ಹೇಳಿ. ಈ ವರ್ಷದ ಅಪ್ಪೆಮಿಡಿ ಉಪ್ಪಿನಕಾಯಿ ಚೆನ್ನಾಗಿ ಬಂದಿದೆ, ಒಂದು ಭರಣಿ ತರುತ್ತೇನೆ.